ವಿಮಾನ ಕೈಕೊಟ್ಟ ಮೇಲೆ ಏನು ಮಾಡ್ತಾರೆ? ಅಟ್ಲಾಂಟಿಕ್ ದಾಟಲು ನಾನು ಕಂಪನಿ ಆರಿಸುವ ಬಗೆ

ಬಾಸ್ಟನ್ ವಿಮಾನ ನಿಲ್ದಾಣ, ರಾತ್ರಿ ಹತ್ತೂಕಾಲು. ಎರಡು ಗಂಟೆ ಹೊತ್ತು ಬೋರ್ಡಿನಲ್ಲಿ 'ತಡ' ಎಂದು ಇದ್ದದ್ದು 'ರದ್ದು' ಎಂದಾಯಿತು. ಯಾರೂ ಕೂಗಾಡಲಿಲ್ಲ. ಎಲ್ಲರೂ ಒಟ್ಟಿಗೇ ಎದ್ದು ಕೌಂಟರಿನ ಕಡೆ ನಡೆದರು, ಅಷ್ಟೆ. ಸಾಲಿನಲ್ಲಿ ನಮ್ಮ ಮುಂದೆ ಎಂಬತ್ತು ಜನ ಇದ್ದಿರಬೇಕು. ಒಂದೂವರೆ ಗಂಟೆ ಆದ ಮೇಲೆ ನಮ್ಮ ಸರದಿ ಬಂತು. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ ಮೆಲ್ಲಗೆ ಹೇಳಿದಳು: ಯೂರೋಪಿಗೆ ನಮ್ಮ ಮುಂದಿನ ವಿಮಾನ ಶನಿವಾರ. ಅವತ್ತು ಬುಧವಾರ.

ಪಕ್ಕದ ಕೌಂಟರಿನಲ್ಲಿ ಇನ್ನೊಂದು ಕಂಪನಿಯ ವಿಮಾನವೂ ರದ್ದಾಗಿತ್ತು. ಅಲ್ಲೂ ಸಾಲು ಇತ್ತು. ಆದರೆ ಅದು ಬೇಗ ಬೇಗ ಕರಗುತ್ತಿತ್ತು. ಅಲ್ಲಿದ್ದವರಿಗೆ ಬೆಳಗಿನ ವಿಮಾನದ ಬೋರ್ಡಿಂಗ್ ಪಾಸ್, ಹೋಟೆಲಿನ ಚೀಟಿ ಕೈಗೆ ಬರುತ್ತಿತ್ತು. ನನ್ನ ಹೆಂಡತಿ ಆ ಸಾಲನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೇಳಿದಳು: "ಅಲ್ಲರೀ, ನೂರೈವತ್ತು ಯೂರೋ ಉಳಿಸೋಕೆ ಹೋಗಿ ಮೂರು ದಿನ ಕಳ್ಕೊಂಡ್ವಲ್ಲ."

ಉತ್ತರ ಕೊಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಟಿಕೆಟ್ ಬುಕ್ ಮಾಡಿದ್ದು ನಾನೇ. ಮಾಡುವಾಗ ನೋಡಿದ್ದು ಎರಡೇ ಎರಡು: ಬೆಲೆ, ಮತ್ತು ಜನ ಕೊಟ್ಟ ಸ್ಟಾರ್‌ಗಳು. ಸ್ಟಾರ್ ಕೊಡುವವರು ಊಟ, ಸೀಟು, ಗಗನಸಖಿಯ ನಗು ನೋಡಿ ಕೊಡುತ್ತಾರೆ. ರಾತ್ರಿ ಹತ್ತೂಕಾಲಕ್ಕೆ ವಿಮಾನ ರದ್ದಾದರೆ ಕಂಪನಿ ಏನು ಮಾಡುತ್ತದೆ ಅನ್ನೋದು ಅದರಲ್ಲಿ ಸಿಗುವುದಿಲ್ಲ.

ಕೆಲಸದ ಸಲುವಾಗಿ ಯೂರೋಪಿನಿಂದ ಅಮೆರಿಕಕ್ಕೆ ವರ್ಷಕ್ಕೆ ಮೂರ್ನಾಲ್ಕು ಸಲ ಹೋಗಿಬರುತ್ತೇನೆ. ಆ ರಾತ್ರಿಯ ನಂತರ ಟಿಕೆಟ್ ಕೊಳ್ಳುವ ರೀತಿಯನ್ನೇ ಬದಲಿಸಿದೆ.

ಮೊದಲೇ ಒಂದು ಮಾತು. ಸುರಕ್ಷತೆಯ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಈ ಸಾಗರದ ಮೇಲೆ ಹಾರಬೇಕಾದರೆ ಎರಡೂ ಕಡೆಯ ಸರ್ಕಾರಗಳ ತಪಾಸಣೆ ದಾಟಬೇಕು. ಎರಡು ಎಂಜಿನ್ನಿನ ವಿಮಾನಕ್ಕೆ ಇನ್ನೂ ಬಿಗಿಯಾದ ನಿಯಮ ಇದೆ. ಒಂದು ಎಂಜಿನ್ ನಿಂತರೂ ಇಷ್ಟು ಹೊತ್ತಿನೊಳಗೆ ಯಾವುದಾದರೂ ನಿಲ್ದಾಣ ತಲುಪುವಂಥ ದಾರಿಯಲ್ಲೇ ಅದು ಹೋಗಬೇಕು. ಕೆನಡಾದ ಗ್ಯಾಂಡರ್, ಐಸ್‌ಲ್ಯಾಂಡಿನ ಕೆಫ್ಲಾವಿಕ್, ಐರ್ಲೆಂಡಿನ ಶ್ಯಾನನ್, ಸಾಗರದ ನಡುವಿನ ಅಝೋರ್ಸ್ ದ್ವೀಪಗಳ ನಿಲ್ದಾಣಗಳು ಒದಗುವುದು ಆಗಲೇ. ನನ್ನ ಚಿಂತೆ ಬೇರೆ. ಹೇಳಿದ ದಿನ ತಲುಪುತ್ತೇನಾ? ಇಲ್ಲ ಅಂದರೆ ಯಾರು ನನ್ನನ್ನು ತಲುಪಿಸುತ್ತಾರೆ?

ಕಂಪನಿಯ ಹೆಸರು ನೋಡಿ ಇದಕ್ಕೆ ಉತ್ತರ ಸಿಗೋಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಭದ್ರತಾ ಕಂಪನಿಯ ಒಂದು ಅಪ್‌ಡೇಟ್‌ನಿಂದ ಜಗತ್ತಿನ ಎಷ್ಟೋ ಕಂಪ್ಯೂಟರುಗಳು ಮಲಗಿಬಿಟ್ಟವಲ್ಲ, ಆಗ ಅಮೆರಿಕದ ಮಿಕ್ಕ ದೊಡ್ಡ ವಿಮಾನ ಕಂಪನಿಗಳು ಬೇಗ ಸುಧಾರಿಸಿಕೊಂಡವು. ಡೆಲ್ಟಾಗೆ ಸುಮಾರು ಐದು ದಿನ ಹಿಡಿಯಿತು. ಹತ್ತಿರ ಹತ್ತಿರ 7,000 ವಿಮಾನಗಳು ರದ್ದಾದವು. ಅದೇ ಡೆಲ್ಟಾ ಸಮಯಪಾಲನೆಯ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಮುಂದಿರುವ ಕಂಪನಿ! ಹಾಗಾಗಿ ನಾನೀಗ ಬರೀ ಕಂಪನಿಯ ಹೆಸರು ನೋಡಿ ಆರಿಸುವುದಿಲ್ಲ. ವಿಮಾನದ ನಂಬರನ್ನು ಆರಿಸುತ್ತೇನೆ.

ಅದು ಹೀಗೆ. ನನಗೆ ಬೇಕಾದ ದಾರಿಯಲ್ಲಿ ಮೂರು ನಾಲ್ಕು ನಂಬರುಗಳನ್ನು ಬರೆದುಕೊಳ್ಳುತ್ತೇನೆ. ಟಿಕೆಟ್ ಕೊಳ್ಳುವ ಎರಡು ಮೂರು ವಾರ ಮೊದಲೇ ವಿಮಾನಗಳ ಓಡಾಟ ತೋರಿಸುವ ಫ್ಲೈಟ್‌ರೇಡಾರ್24 ತಾಣದಲ್ಲಿ ಆ ನಂಬರುಗಳನ್ನು ತೆರೆದು ನೋಡುತ್ತೇನೆ. ದುಡ್ಡು ಕೊಡದೆಯೂ ಹಿಂದಿನ ಒಂದು ವಾರದ ಲೆಕ್ಕ ಸಿಗುತ್ತದೆ. ವಾರಕ್ಕೊಂದು ಸಲ ನೋಡಿ ಗುರುತು ಹಾಕಿಕೊಂಡರೆ ಇಪ್ಪತ್ತು ದಿನದ ಚಿತ್ರ ಕೈಯಲ್ಲಿರುತ್ತದೆ. ಹೊರಟ ಹೊತ್ತು ನೋಡಬೇಡಿ, ಇಳಿದ ಹೊತ್ತು ನೋಡಿ. ಅಮೆರಿಕದಿಂದ ಯೂರೋಪಿಗೆ ಬರುವಾಗ ಬೆನ್ನ ಹಿಂದೆ ಗಾಳಿ ಇರುತ್ತದೆ. ನಲವತ್ತು ನಿಮಿಷ ತಡವಾಗಿ ಹೊರಟರೂ ಸರಿಯಾದ ಹೊತ್ತಿಗೆ ಇಳಿಯುವುದು ಮಾಮೂಲು. (2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಬೆನ್ನೇರಿ ಒಂದು ಜಂಬೋ ವಿಮಾನ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು. ಸಾಮಾನ್ಯವಾಗಿ ಆರೂವರೆ, ಏಳು ಗಂಟೆ ಬೇಕು.) ಯೂರೋಪಿನಿಂದ ಅಮೆರಿಕಕ್ಕೆ ಹೋಗುವಾಗ ಅದೇ ಗಾಳಿ ಎದುರಿಗೆ. ಆಗ ತಡ ಆದದ್ದು ತಡವೇ.

ಅದಕ್ಕಿಂತ ಮುಖ್ಯವಾದದ್ದು, ನಾನು ಹತ್ತಬೇಕಾದ ವಿಮಾನ ಎಲ್ಲಿಂದ ಬರುತ್ತದೆ ಅನ್ನೋದು. ಬಾಸ್ಟನ್ನಿನಲ್ಲಿ ನಮಗೆ ಆದದ್ದು ಇದೇ. ಆ ಕಂಪನಿಯ ಒಂದೇ ವಿಮಾನ ಯೂರೋಪಿನಿಂದ ಬಂದು, ಎರಡು ಗಂಟೆ ನಿಂತು, ಹಾಗೇ ಹಿಂದಕ್ಕೆ ಹೋಗಬೇಕಿತ್ತು. ಅಲ್ಲಿ ಹೊರಡುವಾಗಲೇ ತಡ. ಇಲ್ಲಿಗೆ ಬಂದ ಮೇಲೆ ಏನೋ ರಿಪೇರಿ. ರಿಪೇರಿ ಮುಗಿಯುವ ಹೊತ್ತಿಗೆ ಪೈಲಟ್‌ಗಳ ಡ್ಯೂಟಿಯ ಅವಧಿ ಮುಗಿಯಿತು. ಬೇರೆ ಪೈಲಟ್ ಇಲ್ಲ, ಬೇರೆ ವಿಮಾನ ಇಲ್ಲ. ಕಂಪನಿಯ ಸ್ವಂತ ಊರಿನ ನಿಲ್ದಾಣವಾದರೆ ಪಕ್ಕದಲ್ಲೇ ಇನ್ನೊಂದು ವಿಮಾನ ನಿಂತಿರುತ್ತದೆ, ಸಿಬ್ಬಂದಿಯನ್ನು ಮನೆಯಿಂದ ಕರೆಸಬಹುದು. ಹೋಗುವಾಗ ಹಬ್‌ನಿಂದ (ಅಂಥ ಸ್ವಂತ ನಿಲ್ದಾಣದಿಂದ) ಹೊರಡುತ್ತೇವೆ, ಅಷ್ಟಾಗಿ ತೊಂದರೆ ಆಗುವುದಿಲ್ಲ. ಬರುವಾಗ ಸಿಕ್ಕಿಹಾಕಿಕೊಳ್ಳುತ್ತೇವೆ. ಆದ್ದರಿಂದ ನಾನು ವಾಪಸ್ ಬರುವ ವಿಮಾನವನ್ನೇ ಜಾಸ್ತಿ ಪರೀಕ್ಷೆ ಮಾಡುತ್ತೇನೆ.

ಆಮೇಲೆ ಎಣಿಕೆ. ಆ ದಾರಿಯಲ್ಲಿ ಆ ಕಂಪನಿಗೆ ದಿನಕ್ಕೆ ಎಷ್ಟು ವಿಮಾನ? ವಾರಕ್ಕೆ ನಾಲ್ಕೇ ಅಂದರೆ ಬೆಲೆ ಎಷ್ಟೇ ಇಳಿಯಲಿ, ನಾನು ಆ ಕಡೆ ತಲೆ ಹಾಕುವುದಿಲ್ಲ. ದಿನಕ್ಕೆ ಒಂದು ಇದ್ದರೆ ಪಾಲುದಾರರು ಯಾರು ನೋಡುತ್ತೇನೆ. ಅಟ್ಲಾಂಟಿಕ್ ಮೇಲೆ ದೊಡ್ಡ ಕಂಪನಿಗಳು ಗುಂಪು ಕಟ್ಟಿಕೊಂಡಿವೆ. ಡೆಲ್ಟಾ, ಏರ್ ಫ್ರಾನ್ಸ್, ಕೆಎಲ್‌ಎಂ, ವರ್ಜಿನ್ ಅಟ್ಲಾಂಟಿಕ್ ಒಂದು ಕಡೆ. ಅಮೆರಿಕನ್, ಬ್ರಿಟಿಷ್ ಏರ್‌ವೇಸ್, ಐಬೀರಿಯಾ, ಫಿನ್‌ಏರ್, ಏರ್ ಲಿಂಗಸ್ ಇನ್ನೊಂದು ಕಡೆ. ಯುನೈಟೆಡ್, ಲುಫ್ತಾನ್ಸಾ, ಏರ್ ಕೆನಡಾ ಮತ್ತೊಂದು. ಒಂದರ ವಿಮಾನ ನಿಂತರೆ ಗುಂಪಿನ ಇನ್ನೊಂದರಲ್ಲಿ ಕೂರಿಸುವುದು ಅವರಿಗೆ ಸುಲಭ. ಒಂಟಿಯಾಗಿ ಹಾರುವ ಅಗ್ಗದ ಕಂಪನಿಗೆ ಈ ನೆಂಟಸ್ತನ ಇರೋದಿಲ್ಲ.

ಈ ನೆಂಟಸ್ತನದಲ್ಲೇ ಒಂದು ಗುಟ್ಟು ಇದೆ. ನನಗೆ ಗೊತ್ತಾಗಲು ವರ್ಷಗಳೇ ಬೇಕಾದವು. ಒಂದೇ ವಿಮಾನವನ್ನು ಎರಡು ಮೂರು ಕಂಪನಿಗಳು ತಮ್ಮ ತಮ್ಮ ನಂಬರಿನಲ್ಲಿ ಮಾರುತ್ತವೆ. ಟಿಕೆಟ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹಾರಿಸುವವರು ಯಾರು ಎಂದು ಬರೆದಿರುತ್ತದೆ. ಆ ಸಾಲನ್ನು ಓದದೆ ದುಡ್ಡು ಕಟ್ಟಬೇಡಿ. ಯಾಕೆಂದರೆ ಕಾನೂನು ನೋಡುವುದು ಮಾರಿದವರನ್ನಲ್ಲ, ಹಾರಿಸುವವರನ್ನು.

ಯೂರೋಪಿಯನ್ ಒಕ್ಕೂಟದ 261/2004 ನಿಯಮದ ಪ್ರಕಾರ, 3,500 ಕಿಲೋಮೀಟರಿಗಿಂತ ದೂರದ ಪ್ರಯಾಣದಲ್ಲಿ ಕಂಪನಿಯ ತಪ್ಪಿನಿಂದ ವಿಮಾನ ಕೊನೇ ಗಳಿಗೆಯಲ್ಲಿ ರದ್ದಾದರೆ, ಅಥವಾ ನಾಲ್ಕು ಗಂಟೆಗಿಂತ ಜಾಸ್ತಿ ತಡವಾಗಿ ತಲುಪಿದರೆ, ತಲೆಗೆ 600 ಯೂರೋ ಪರಿಹಾರ. ಯೂರೋಪಿನಿಂದ ಹೊರಡುವಾಗ ಇದು ಎಲ್ಲ ಕಂಪನಿಗಳಿಗೂ ಅನ್ವಯ. ಅಮೆರಿಕದಿಂದ ಯೂರೋಪಿಗೆ ಬರುವಾಗ ಮಾತ್ರ ಯೂರೋಪಿನ ಕಂಪನಿ ಹಾರಿಸಿದರಷ್ಟೇ ಅನ್ವಯ. ಅಂದರೆ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಬರುವಾಗ ನೀವು ಕೂತದ್ದು ಏರ್ ಫ್ರಾನ್ಸ್ ವಿಮಾನವಾದರೆ ಈ ಹಕ್ಕು ಉಂಟು. ಅದೇ ಬೆಲೆಗೆ, ಅದೇ ಸಂಜೆ, ಡೆಲ್ಟಾ ಹಾರಿಸುವ ವಿಮಾನವಾದರೆ ಇಲ್ಲ. ಡೆಲ್ಟಾ ಕೆಟ್ಟದ್ದು ಅಂತಲ್ಲ, ನಿಯಮವೇ ಹಾಗಿದೆ. ಬ್ರಿಟನ್ನಿನಲ್ಲೂ ಇಂಥದೇ ನಿಯಮ ಇದೆ, ಅಲ್ಲಿ 520 ಪೌಂಡ್. ಅಮೆರಿಕದ ಕಾನೂನಿನಲ್ಲಿ ತಡಕ್ಕೆ ಪರಿಹಾರ ಇಲ್ಲ. ಅಂತರರಾಷ್ಟ್ರೀಯ ವಿಮಾನ ರದ್ದಾಗಿ ಅಥವಾ ಆರು ಗಂಟೆ ತಡವಾಗಿ ನೀವು ಪ್ರಯಾಣ ಬೇಡವೆಂದರೆ ಟಿಕೆಟ್ ದುಡ್ಡು ವಾಪಸ್, ಅಷ್ಟೆ. ಹಾಗಾಗಿ ಬೆಲೆ ಒಂದೇ ಇದ್ದರೆ ಬರುವ ದಾರಿಗೆ ಯೂರೋಪಿನವರ ವಿಮಾನವನ್ನೇ ಹಿಡಿಯುತ್ತೇನೆ. ದುಡ್ಡಿನ ಆಸೆಗಲ್ಲ. ದುಡ್ಡು ಕೊಡಬೇಕಾಗುತ್ತದೆ ಎಂಬ ಭಯ ಇರುವ ಕಂಪನಿ ಪ್ರಯಾಣಿಕರನ್ನು ಬೇಗ ಸಾಗಿಸಲು ನೋಡುತ್ತದೆ.

ಬಾಸ್ಟನ್ನಿನ ಸಾಲಿನಲ್ಲಿ ಇದನ್ನು ನನಗೆ ಹೇಳಿದ್ದು ಹಿಂದೆ ನಿಂತಿದ್ದ ಒಬ್ಬ ವಯಸ್ಸಾದ ಪ್ರಯಾಣಿಕರು. ನಮ್ಮ ಕಂಪನಿ ಯೂರೋಪಿನದೇ ಆಗಿತ್ತು. ಕೌಂಟರಿನವರು ಹೋಟೆಲ್ ಕೊಡಲ್ಲ ಅಂದರು. "ಬಿಲ್ ಇಟ್ಟುಕೊಳ್ಳಿ, ಒಂದನ್ನೂ ಬಿಸಾಡಬೇಡಿ" ಎಂದರು ಆ ಹಿರಿಯರು. ಮೂರು ರಾತ್ರಿಯ ಹೋಟೆಲ್, ಊಟ, ಬಸ್ಸಿನ ಚೀಟಿ ಎಲ್ಲ ಒಂದು ಲಕೋಟೆಯಲ್ಲಿ ಹಾಕಿಟ್ಟೆ. ವಾಪಸ್ ಬಂದು ಅರ್ಜಿ ಹಾಕಿದೆ. ಮೂರು ವಾರಕ್ಕೆ ಉತ್ತರ ಬಂತು: ತಾಂತ್ರಿಕ ದೋಷ ನಮ್ಮ ಕೈ ಮೀರಿದ್ದು, ಪರಿಹಾರ ಇಲ್ಲ. ಹೆಚ್ಚಿನವರು ಇಲ್ಲಿಗೆ ಬಿಟ್ಟುಬಿಡುತ್ತಾರೆ. ನಾನೂ ಬಿಡುತ್ತಿದ್ದೆನೇನೋ. ಆದರೆ ಮಾಮೂಲಿ ತಾಂತ್ರಿಕ ದೋಷ 'ಕೈ ಮೀರಿದ ಕಾರಣ' ಆಗುವುದಿಲ್ಲ ಎಂದು ಯೂರೋಪಿನ ನ್ಯಾಯಾಲಯ 2008ರಲ್ಲೇ ತೀರ್ಪು ಕೊಟ್ಟಿದೆ. ಅದನ್ನು ಉಲ್ಲೇಖಿಸಿ ಅರ್ಧ ಪುಟದ ಪತ್ರ ಬರೆದೆ. ಸಿಟ್ಟು ತೋರಿಸಲಿಲ್ಲ. ವಿಮಾನದ ನಂಬರು, ದಿನ, ತಲುಪಿದ ಹೊತ್ತು, ತೀರ್ಪಿನ ವರ್ಷ, ಬ್ಯಾಂಕ್ ಖಾತೆ, ಇಷ್ಟೇ. ಐದು ತಿಂಗಳ ಮೇಲೆ ಇಬ್ಬರಿಗೂ 600 ಯೂರೋ, ಜೊತೆಗೆ ಹೋಟೆಲ್ ಖರ್ಚು ಬಂತು. ಹವಾಮಾನ ಕೆಟ್ಟು ರದ್ದಾಗಿದ್ದರೆ ಪರಿಹಾರ ಸಿಗುತ್ತಿರಲಿಲ್ಲ. ಊಟ, ಹೋಟೆಲ್ ನೋಡಿಕೊಳ್ಳುವ ಹೊಣೆ ಮಾತ್ರ ಆಗಲೂ ಅವರದೇ.

ಕಂಪನಿಯ ಜೇಬಿನ ಕಡೆಗೂ ಒಂದು ಕಣ್ಣಿಡುತ್ತೇನೆ. ಈ ಸಾಗರದ ಮೇಲೆ ಅಗ್ಗದ ಟಿಕೆಟ್ ಮಾರಲು ಹೋಗಿ ಕೈ ಎತ್ತಿದವರ ಸಾಲು ದೊಡ್ಡದು. 2018ರ ಅಕ್ಟೋಬರಿನಲ್ಲಿ ಪ್ರಿಮೇರಾ, 2019ರ ಮಾರ್ಚ್‌ನಲ್ಲಿ ವಾವ್, 2025ರ ಸೆಪ್ಟೆಂಬರಿನಲ್ಲಿ ಪ್ಲೇ. ಟಿಕೆಟ್ ಕೈಯಲ್ಲಿ ಹಿಡಿದವರಿಗೆ ಮುಂಚೆ ಯಾರೂ ಹೇಳಲಿಲ್ಲ. ಹೊಸ ಕಂಪನಿಯ ಮೇಲೆ ಆಸೆಯಾದರೆ ಕ್ರೆಡಿಟ್ ಕಾರ್ಡಿನಲ್ಲೇ ಕಟ್ಟಿ. ಬ್ಯಾಂಕಿನ ಮೂಲಕ ದುಡ್ಡು ವಾಪಸ್ ಕೇಳುವ ದಾರಿಯಾದರೂ ಇರುತ್ತದೆ.

ಸಣ್ಣ ವಿಮಾನದ ಬಗ್ಗೆ ಜನ ಕೇಳುತ್ತಾರೆ. ಈಗ ಏರ್‌ಬಸ್ ಎ321ನಂಥ ಒಂದೇ ಓಣಿಯ ವಿಮಾನಗಳೂ ಅಟ್ಲಾಂಟಿಕ್ ದಾಟುತ್ತವೆ. ಹತ್ತುವುದು ಇಳಿಯುವುದು ಬೇಗ, ನನಗಂತೂ ಇಷ್ಟ. ಇದೇ ಬಗೆಯ ಹಳೆಯ ಬೋಯಿಂಗ್ 757ಗಳು 2011–12ರ ಚಳಿಗಾಲದಲ್ಲಿ ಎದುರುಗಾಳಿಗೆ ಸಿಕ್ಕಿ ಇಂಧನಕ್ಕಾಗಿ ಗ್ಯಾಂಡರ್‌ನಂಥ ಕಡೆ ಇಳಿಯಬೇಕಾಗುತ್ತಿತ್ತು. ಹಾಗಾಗಿ ಚಳಿಗಾಲದಲ್ಲಿ ಪಶ್ಚಿಮಕ್ಕೆ ಹೋಗುವಾಗ ಮುಂದೆ ಕನೆಕ್ಷನ್ ಇದ್ದರೆ ದೊಡ್ಡ ವಿಮಾನ ನೋಡುತ್ತೇನೆ.

ಕನೆಕ್ಷನ್ ಇದ್ದರೆ ಎಲ್ಲವೂ ಒಂದೇ ಟಿಕೆಟ್ಟಿನಲ್ಲಿರಬೇಕು. ಇದರಲ್ಲಿ ರಾಜಿ ಇಲ್ಲ. ಎರಡು ಬೇರೆ ಟಿಕೆಟ್ ಕೊಂಡು ಮೊದಲನೆಯದು ತಡವಾದರೆ ಎರಡನೆಯವರಿಗೆ ನೀವು ಯಾರೋ. ಅಮೆರಿಕಕ್ಕೆ ಹೋಗುವಾಗ ಡಬ್ಲಿನ್ ಮೂಲಕ ಹೋಗುವುದು ನನಗೆ ಹಿಡಿಸಿದೆ. ಅಮೆರಿಕದ ಇಮಿಗ್ರೇಷನ್, ಕಸ್ಟಮ್ಸ್ ಅಲ್ಲೇ ಮುಗಿಯುತ್ತದೆ. ಆ ಕಡೆ ಇಳಿದಾಗ ದೇಶದೊಳಗಿನ ಪ್ರಯಾಣಿಕನ ಹಾಗೆ ಸುಮ್ನೆ ಹೊರಗೆ ನಡೆಯಬಹುದು. ದಿನದ ಕೊನೆಯ ವಿಮಾನ ಮಾತ್ರ ಎಲ್ಲಿಂದಲೂ ಹಿಡಿಯುವುದಿಲ್ಲ.

ಹೋದ ಚಳಿಗಾಲ ಮತ್ತೆ ಬಾಸ್ಟನ್. ಮತ್ತೆ ರದ್ದು. ಈ ಸಲ 110 ಯೂರೋ ಜಾಸ್ತಿ ಕೊಟ್ಟು, ದಿನಕ್ಕೆ ಮೂರು ವಿಮಾನ ಇರುವ ಕಂಪನಿಯಲ್ಲಿ ಬುಕ್ ಮಾಡಿದ್ದೆ. ಹೆಂಡತಿ ಸಾಲಿನಲ್ಲಿ ನಿಂತಳು, ನಾನು ಫೋನ್ ಹಿಡಿದೆ, ಇಬ್ಬರ ಮಧ್ಯೆ ಆ್ಯಪ್ ತೆರೆದಿತ್ತು. ಆ್ಯಪ್ ಗೆದ್ದಿತು. ನಾವು ಕೌಂಟರ್ ಮುಟ್ಟುವ ಮೊದಲೇ ಬೆಳಿಗ್ಗೆ ಎಂಟರ ಹಗಲು ವಿಮಾನದಲ್ಲಿ ಎರಡು ಸೀಟು ಬಂದಿತ್ತು. "ಶನಿವಾರ ಅಲ್ವಾ?" ಅಂತ ಅವಳು ಕೆಣಕಿದಳು.

ನಾವು ಬಂದೆವು, ಪೆಟ್ಟಿಗೆ ಬರಲಿಲ್ಲ. ನಿಲ್ದಾಣ ಬಿಡುವ ಮೊದಲೇ ಲಗೇಜ್ ಕೌಂಟರಿನಲ್ಲಿ ದೂರು ಬರೆಸಿ, ನಂಬರಿನ ಚೀಟಿ ಪಡೆದೆ. ಟೂತ್ ಬ್ರಷ್, ಎರಡು ಅಂಗಿ, ಒಂದು ಸ್ವೆಟರ್ ಕೊಂಡು ಬಿಲ್ಲುಗಳನ್ನು ಅದೇ ಹಳೆಯ ಲಕೋಟೆಗೆ ಸೇರಿಸಿದೆ. ತಡವಾದ ಲಗೇಜಿಗೆ, ಅದು ಕೈಗೆ ಬಂದ ದಿನದಿಂದ 21 ದಿನದೊಳಗೆ ಬರೆದು ಕೇಳಬೇಕು. ಮೂರನೇ ದಿನ ಪೆಟ್ಟಿಗೆ ಬಾಗಿಲಿಗೆ ಬಂತು. ಒಂದು ಚಕ್ರ ಮುರಿದಿತ್ತು. ಮುರಿದದ್ದಕ್ಕೆ ಗಡುವು ಏಳೇ ದಿನ. ಪೆಟ್ಟಿಗೆ ಒಳಗೆ ತರುವ ಮೊದಲೇ ಫೋಟೋ ತೆಗೆದು ಕಳಿಸಿದೆ.