ಮಂಡಿ ಆಪರೇಷನ್ ಆದ ಮೇಲೆ ಮತ್ತೆ ಮೆಡಿಕಲ್‌ಗೆ ಹೋದೆ

2025ರ ಸೇನಾ ಭರ್ತಿ ರ‍್ಯಾಲಿಯಲ್ಲಿ 1.6 ಕಿಲೋಮೀಟರ್ ಓಟವನ್ನು 5 ನಿಮಿಷ 26 ಸೆಕೆಂಡಿಗೆ ಮುಗಿಸಿದ್ದೆ. ಐದೂವರೆ ನಿಮಿಷದೊಳಗೆ ಬಂದವರಿಗೆ 60 ಅಂಕ. ಬೀಮ್, ಅಂದರೆ ಕಂಬಿಗೆ ಜೋತುಬಿದ್ದು ಮೈ ಮೇಲೆತ್ತುವುದು, ಹತ್ತು ಹೊಡೆದಿದ್ದೆ, ಅದಕ್ಕೆ 40. ಒಂಬತ್ತು ಅಡಿ ಗುಂಡಿ ಹಾರಿದ್ದೆ, ಜಿಗ್‌ಜಾಗ್ ಹಲಗೆಯ ಮೇಲೂ ಕಾಲು ತಪ್ಪದೆ ನಡೆದಿದ್ದೆ. ಮೆಡಿಕಲ್ ಅನ್ನುವ ದೇಹ ತಪಾಸಣೆಯ ದಿನ ಡಾಕ್ಟರು ನನ್ನ ಬಲಮಂಡಿಯ ಕೆಳಗಿದ್ದ ಒಂದಿಂಚು ಗಾಯದ ಗುರುತಿನ ಮೇಲೆ ಬೆರಳಿಟ್ಟು, ಇದು ಯಾವಾಗ ಆದದ್ದು ಅಂತ ಹಿಂದಿಯಲ್ಲಿ ಕೇಳಿದರು. ಅಗ್ನಿವೀರನಾಗಬೇಕೆಂಬ ನನ್ನ ಎರಡು ವರ್ಷದ ಓಟ ಆ ಒಂದಿಂಚಿನ ಹತ್ತಿರ ನಿಂತುಹೋಯಿತು.

ನಮ್ಮೂರು ಮಂಡ್ಯದ ಹತ್ತಿರ, ವಿ.ಸಿ. ನಾಲೆಯ ಬಯಲು. ಏರಿ ಮೇಲೆ ಬೆಳಗಿನ ಜಾವ ಐದಕ್ಕೆ ಓಡುವ ಹುಡುಗರು ಪ್ರತಿ ವರ್ಷವೂ ಇದ್ದೇ ಇರುತ್ತಾರೆ. 2023ರಲ್ಲಿ ನಾನೂ ಅವರಲ್ಲಿ ಒಬ್ಬ. ಆನ್‌ಲೈನ್ ಪರೀಕ್ಷೆ ಮೊದಲು, ರ‍್ಯಾಲಿ ಆಮೇಲೆ ಅಂತ ಕ್ರಮ ಬದಲಾದ ವರ್ಷ ಅದು. ಪರೀಕ್ಷೆ ಪಾಸಾಯಿತು, ಓಟದಲ್ಲಿ 5 ನಿಮಿಷ 41 ಸೆಕೆಂಡು ಬಂತು, ಎರಡನೇ ಗುಂಪು, 48 ಅಂಕ. ಮೆಡಿಕಲ್‌ನಲ್ಲಿ ಫಿಟ್. ಕೊನೆಯ ಪಟ್ಟಿಯಲ್ಲಿ ಮಾತ್ರ ಹೆಸರಿರಲಿಲ್ಲ. ಹನ್ನೆರಡು ಅಂಕ ಓಟದಲ್ಲೇ ಹೋಯ್ತಲ್ಲ ಅನ್ನೋ ಕೊರಗು ನನ್ನನ್ನು ಮಲಗಲು ಬಿಡಲಿಲ್ಲ. ಮುಂದಿನ ಸಲಕ್ಕೆ ಇನ್ನೂ ಗಟ್ಟಿಯಾಗಿ ತಯಾರಾಗಬೇಕು ಅಂತ ತರಬೇತಿ ಕೊಡುವ ಒಂದು ಗ್ರೌಂಡಿಗೆ ಸೇರಿಕೊಂಡೆ.

2024ರ ಸಂಕ್ರಾಂತಿ ಕಳೆದು ಒಂದು ವಾರ ಆಗಿತ್ತು. ಗುಂಡಿ ಹಾರುವ ಅಭ್ಯಾಸ. ಆಚೆ ದಡದಲ್ಲಿ ಮರಳಿಲ್ಲ, ನೀರು ಕಾಣದ ಕೆಮ್ಮಣ್ಣು ಒಣಗಿ ಕಲ್ಲಿನಂತಾಗಿತ್ತು. ನನಗಿಂತ ಮುಂಚೆ ಹಾರಿದ ಹುಡುಗ ಅಲ್ಲೇ ಬಿದ್ದು ಇನ್ನೂ ಎದ್ದಿರಲಿಲ್ಲ. ಗಾಳಿಯಲ್ಲಿದ್ದಾಗಲೇ ಅವನನ್ನು ತಪ್ಪಿಸಲು ಮೈ ತಿರುಗಿಸಿದೆ. ಬಲಗಾಲು ನೆಟ್ಟಗೆ ನೆಲಕ್ಕೆ ಊರಿತು, ಮೈ ಎಡಕ್ಕೆ ಹೊರಳಿತು. ಒಳಗಿಂದ 'ಟಕ್' ಅಂದದ್ದು ನನ್ನ ಕಿವಿಗೇ ಕೇಳಿಸಿತು. ಎರಡು ಗಂಟೆಯೊಳಗೆ ಮಂಡಿ ತೆಂಗಿನಕಾಯಿ ಗಾತ್ರಕ್ಕೆ ಊದಿಕೊಂಡಿತು. ಗಂಟೆಗಳಲ್ಲೇ ಹೀಗೆ ಊದಿದರೆ ಕೀಲಿನೊಳಗೆ ರಕ್ತ ಸೇರಿರುವ ಸಾಧ್ಯತೆ ಹೆಚ್ಚು, ಬರೀ ಉಳುಕಾದರೆ ಸಾಮಾನ್ಯವಾಗಿ ಇಷ್ಟು ಬೇಗ ಊದುವುದಿಲ್ಲ. ಇದು ನನಗೆ ಗೊತ್ತಾದದ್ದು ಎರಡು ತಿಂಗಳ ನಂತರ. ಅವತ್ತು ಗ್ರೌಂಡಿನವರು ಐಸ್ ಇಟ್ಟು, ನಾಲ್ಕು ದಿನ ರೆಸ್ಟ್ ಮಾಡು ಅಂದರು. ಮನೆಯಲ್ಲಿ ಅವ್ವ ನಾಟಿ ಕಟ್ಟು ಹಾಕಿಸಿದಳು. ಮೊಟ್ಟೆಯ ಬಿಳಿ, ಸೊಪ್ಪು, ಬಿದಿರಿನ ದಬ್ಬೆ. ಮೂರು ವಾರ ಹಾಗೇ ಇದ್ದೆ.

ಕಟ್ಟು ಬಿಚ್ಚಿದಾಗ ಊತ ಇಳಿದಿತ್ತು. ಏರಿ ಮೇಲೆ ನಿಧಾನಕ್ಕೆ ಓಡಿ ನೋಡಿದೆ, ನೋವಿಲ್ಲ. ವಾಸಿಯಾಯ್ತು ಅಂದುಕೊಂಡೆ. ಈ ಗಾಯ ಮೋಸ ಮಾಡುವುದೇ ಇಲ್ಲಿ. ಎಸಿಎಲ್ ಅನ್ನುವ ಲಿಗಮೆಂಟ್ ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಮಂಡಿಯೊಳಗೆ ಹಿಡಿದಿಡುವ ಹುರಿ. ಅದು ಕಿತ್ತುಹೋದರೂ ನೇರ ದಾರಿಯಲ್ಲಿ ಓಡಬಹುದು. ತಿರುಗುವಾಗ, ಇಳಿಯುವಾಗ ಕೈಕೊಡುತ್ತದೆ. ನನಗೆ ಕೈಕೊಟ್ಟದ್ದು ನಾಲೆಯ ಸೋಪಾನದಲ್ಲಿ. ಹಸುವಿಗೆ ನೀರು ತರಲು ಬಿಂದಿಗೆ ಹಿಡಿದು ಇಳಿಯುತ್ತಿದ್ದೆ, ಮಂಡಿ ಪಕ್ಕಕ್ಕೆ ಜಾರಿದಂತಾಗಿ ಬಿಂದಿಗೆ ಸಮೇತ ಬಿದ್ದೆ. ಅಪ್ಪ ಅವತ್ತೇ ಮೈಸೂರಿಗೆ ಕರಕೊಂಡು ಹೋದರು. ಎಂಆರ್‌ಐ ಆಯಿತು. ಎಸಿಎಲ್ ಪೂರ್ತಿ ಹರಿದಿತ್ತು.

ಡಾಕ್ಟರಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ, "ಸರ್, ಮತ್ತೆ ಓಡಬಹುದಾ?" ಓಡಬಹುದು, ಹಿಂದಿನಂತೆಯೇ ಓಡಬಹುದು ಅಂದರು. ಅದು ನಿಜವೇ ಆಯಿತು. ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು. ಸೇನೆಗೆ ಸೇರಲು ತಯಾರಾಗುತ್ತಿದ್ದೇನೆ, ಈ ಆಪರೇಷನ್ ಆದವರನ್ನು ತಗೊಳ್ತಾರಾ ಅಂತ ನಾನೂ ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ಗ್ರೌಂಡಿನಲ್ಲಿ ಕೇಳಿದಾಗ, "ಓಡಿ ತೋರಿಸು, ಯಾವ ಡಾಕ್ಟ್ರು ಬ್ಯಾಡ ಅಂತಾರೆ" ಅಂದರು. ಆ ಮಾತನ್ನೇ ನಂಬಿಕೊಂಡೆ. ಕಬ್ಬಿನ ದುಡ್ಡು ಬಂದಿತ್ತು, ಅದರ ಜೊತೆ ಸೊಸೈಟಿ ಸಾಲ ಸೇರಿಸಿ ಒಂದು ಲಕ್ಷಕ್ಕೂ ಮೇಲೆ ಖರ್ಚಾಯಿತು. ತೊಡೆಯ ಹಿಂಭಾಗದ ಸ್ನಾಯುವಿನ ಹುರಿಯನ್ನು ತೆಗೆದು, ಮೂಳೆಗಳಲ್ಲಿ ಸುರಂಗ ಕೊರೆದು, ಹಳೆಯ ಲಿಗಮೆಂಟ್ ಇದ್ದ ಜಾಗದಲ್ಲಿ ಕೂರಿಸಿದರು. ಮೇಲೆ ಒಂದು ಪುಟ್ಟ ಲೋಹದ ಬಟನ್, ಕೆಳಗೆ ಒಂದು ಸ್ಕ್ರೂ.

ಆಮೇಲಿನ ಒಂದು ವರ್ಷ ನಾನು ಮಾಡಿದ ಕೆಲಸದ ಬಗ್ಗೆ ನನಗೆ ಇವತ್ತಿಗೂ ಅಭಿಮಾನ ಇದೆ. ಮೊದಲ ವಾರ ಕಾಲನ್ನು ಪೂರ್ತಿ ಚಾಚಲು ಬರುತ್ತಿರಲಿಲ್ಲ. ಹಿಮ್ಮಡಿಯ ಕೆಳಗೆ ಟವೆಲ್ ಸುತ್ತಿಟ್ಟು, ತೊಡೆ ಬಿಗಿದು, ಮಂಡಿಯನ್ನು ಹಾಸಿಗೆಗೆ ಒತ್ತುವುದು. ದಿನಕ್ಕೆ ನೂರಾರು ಸಲ. ಚಿಪ್ಪಿನಿಂದ ನಾಲ್ಕು ಬೆರಳು ಮೇಲೆ ಟೇಪ್ ಹಿಡಿದು ಎರಡೂ ತೊಡೆಯ ಸುತ್ತಳತೆಯನ್ನು ಪ್ರತಿ ಭಾನುವಾರ ಅಳೆಯುತ್ತಿದ್ದೆ. ಬಲತೊಡೆ ಎಡಕ್ಕಿಂತ ನಾಲ್ಕು ಸೆಂಟಿಮೀಟರ್ ಇಳಿದುಹೋಗಿತ್ತು, ಅದು ವಾಪಸ್ ಬರಲು ಹತ್ತು ತಿಂಗಳು ಬೇಕಾಯಿತು. ಮೂರನೇ ತಿಂಗಳಿಂದ ಸೈಕಲ್, ಐದನೇ ತಿಂಗಳಿಂದ ಏರಿ ಮೇಲೆ ಓಟ, ಒಂಬತ್ತು ತಿಂಗಳು ತುಂಬುವ ತನಕ ಗುಂಡಿ ಇಲ್ಲವೇ ಇಲ್ಲ. ಒಂಟಿಗಾಲಲ್ಲಿ ಜಿಗಿದು ದೂರ ಅಳೆದು, ಬಲಗಾಲು ಎಡಗಾಲಿನ ನೂರಕ್ಕೆ ತೊಂಬತ್ತು ಮುಟ್ಟಿದ ಮೇಲೇ ಫಿಸಿಯೋ ಹಾರಲು ಬಿಟ್ಟದ್ದು. 2024ರ ಭರ್ತಿ ಹಾಗೇ ಕೈಬಿಟ್ಟುಹೋಯಿತು. ನಾನು ಹುಟ್ಟಿದ್ದು 2004ರ ಡಿಸೆಂಬರ್, ವಯಸ್ಸಿನ ಮಿತಿ ಆಗ 21. 2025ಕ್ಕೆ ಅರ್ಜಿ ಹಾಕಿದಾಗ ಅದೇ ಕೊನೆಯ ಅವಕಾಶ ಅನ್ನೋದು ಗೊತ್ತಿತ್ತು.

ರ‍್ಯಾಲಿಗೆ ಹೋಗುವ ಮುಂಚೆ ಇಬ್ಬರು ಬಂದು ಮಾತಾಡಿಸಿದರು. ಒಬ್ಬ, ದುಡ್ಡು ಕೊಟ್ಟರೆ ಮೆಡಿಕಲ್ 'ಸೆಟ್' ಮಾಡಿಸ್ತೀನಿ ಅಂದ. ಅಪ್ಪ ಅವನನ್ನು ಜಗಲಿ ಹತ್ತಲೂ ಬಿಡಲಿಲ್ಲ. ಇನ್ನೊಬ್ಬ ನನ್ನ ಜೊತೆಗೇ ಓಡುತ್ತಿದ್ದವನು, ಪಾಪ, ಪ್ರೀತಿಯಿಂದಲೇ ಹೇಳಿದ, "ಸೈಕಲ್ನಿಂದ ಬಿದ್ದೆ ಅನ್ನು ಮಗ, ಸಣ್ಣ ಗಾಯ, ಯಾರಿಗೂ ಗೊತ್ತಾಗಕ್ಕಿಲ್ಲ." ಮಂಡಿಯ ಚಿಪ್ಪಿನ ಕೆಳಗೆ ಆಚೀಚೆ ಎರಡು ಚುಕ್ಕೆ, ಒಳಬದಿಗೆ ಇಳಿದು ಒಂದಿಂಚು ಗೆರೆ. ಮೂಳೆ ಡಾಕ್ಟರಿಗೆ ಅದು ಅಂಗಡಿಯ ಬೋರ್ಡ್ ಓದಿದಷ್ಟೇ ಸಲೀಸು. ಸುಳ್ಳು ಹೇಳಿ ಅಕಸ್ಮಾತ್ ದಾಟಿದ್ದರೂ, ಎಕ್ಸ್‌ರೇಯಲ್ಲಿ ಲೋಹ ಕಾಣಿಸುವ ದಿನ ಬಂದೇ ಬರುತ್ತಿತ್ತು. ಬೆನ್ನಿಗೆ ಭಾರ ಹೊತ್ತು ಬೆಟ್ಟ ಇಳಿಯುವಾಗ ನನ್ನ ಮಂಡಿ ಜಾರಿದರೆ ಜೊತೆಗಿರುವವನ ಗತಿ ಏನು ಅಂತಲೂ ಅನಿಸಿತ್ತು. ನಿಜವನ್ನೇ ಹೇಳಿದೆ. ಡಿಸ್ಚಾರ್ಜ್ ಸಮ್ಮರಿ, ಎಂಆರ್‌ಐ ಎರಡನ್ನೂ ಕವರಿನಲ್ಲಿ ಇಟ್ಟುಕೊಂಡು ಹೋಗಿದ್ದೆ, ತೆಗೆದು ಕೊಟ್ಟೆ.

ಆ ಡಾಕ್ಟರು ಗದರಲಿಲ್ಲ. ಮಲಗಿಸಿ ಮಂಡಿ ಮಡಿಸಿದರು, ಪಾದ ಅಲುಗದಂತೆ ಅದರ ತುದಿಯ ಮೇಲೆ ತಾವೇ ಕೂತರು, ಎರಡೂ ಕೈಯಲ್ಲಿ ಕೆಳಗಾಲಿನ ಮೂಳೆ ಹಿಡಿದು ಮುಂದಕ್ಕೆ ಎಳೆದರು. ಮೊದಲು ಎಡ, ಆಮೇಲೆ ಬಲ. ಮತ್ತೆ ಎಡ, ಮತ್ತೆ ಬಲ. "ಆಪರೇಷನ್ ಚೆನ್ನಾಗಿ ಮಾಡಿದ್ದಾರೆ" ಅಂದರು. ನನ್ನ ಎದೆಯಲ್ಲಿ ಆಸೆ ಎದ್ದು ನಿಂತಿತು. ಆಮೇಲೆ ಅನ್‌ಫಿಟ್ ಅಂತ ಬರೆದರು.

ರಿವ್ಯೂಗೆ, ಅಂದರೆ ಮರುತಪಾಸಣೆಗೆ ಅಂತ ಮಿಲಿಟರಿ ಆಸ್ಪತ್ರೆಗೆ ಚೀಟಿ ಸಿಕ್ಕಿತು. ಮಂಡ್ಯದಿಂದ ಬೆಳಗಿನ ರೈಲು ಹತ್ತಿ ಅಪ್ಪ, ನಾನು ಬೆಂಗಳೂರಿಗೆ ಹೋದೆವು. ಅಲ್ಲಿನ ಮೂಳೆ ತಜ್ಞರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬಟನ್ ಎಲ್ಲಿದೆ, ಸ್ಕ್ರೂ ಎಲ್ಲಿದೆ ಅಂತ ಅಪ್ಪನಿಗೂ ತೋರಿಸಿದರು. ಎಸಿಎಲ್ ಮರುಜೋಡಣೆ ಆದವರನ್ನು ಅನ್‌ಫಿಟ್ ಅಂತಲೇ ಪರಿಗಣಿಸಬೇಕು ಅನ್ನುವುದು ನಿಯಮ, ಎಷ್ಟು ವೇಗವಾಗಿ ಓಡಿದರೂ ಅದು ಬದಲಾಗುವುದಿಲ್ಲ ಅಂದರು. ಸ್ಕ್ರೂ ತೆಗೆಸಿದರೆ ಆಗುತ್ತಾ ಅಂತ ಕೇಳಿದೆ. ಮೂಳೆ ಮುರಿದು ಪ್ಲೇಟ್ ಹಾಕಿಸಿಕೊಂಡ ಕೆಲವರಿಗೆ, ಕೀಲಿಗೆ ಪೆಟ್ಟಾಗಿರದಿದ್ದರೆ, ಪ್ಲೇಟ್ ತೆಗೆಸಿ ಕಾದ ಮೇಲೆ ದಾರಿ ಇರುತ್ತದೆ, ಇದಕ್ಕೆ ಹಾಗಿಲ್ಲ ಅಂದರು. ಹಾಗಾದರೆ ಆಪರೇಷನ್ ಮಾಡಿಸದೇ ಬಿಟ್ಟಿದ್ದರೆ? ಮಂಡಿ ಸಡಿಲ ಇದ್ದರೂ ಅನ್‌ಫಿಟ್ಟೇ. ಅಂದರೆ ನನ್ನ ಬಾಗಿಲು ಮುಚ್ಚಿದ್ದು ಆ ಒಣ ಕೆಮ್ಮಣ್ಣಿನ ಮೇಲೆ ಬಿದ್ದ ಬೆಳಿಗ್ಗೆಯೇ. ಮಿಕ್ಕ ದಿನಗಳೆಲ್ಲ ಅದು ಗೊತ್ತಿಲ್ಲದೆ ಓಡಿದ್ದು.

ವಾಪಸ್ ಬರುವಾಗ ಅಪ್ಪ ರಾಮನಗರ ದಾಟುವ ತನಕ ಬಾಯಿ ಬಿಡಲಿಲ್ಲ. ಆಮೇಲೆ, "ಕಾಲು ನೆಟ್ಟಗದಲ್ಲ ಮಗ, ಬುಡು" ಅಂದರು. ಮದ್ದೂರಲ್ಲಿ ವಡೆ ತಗೊಂಡರು. ನನಗೆ ಸೇರಲಿಲ್ಲ. ಎರಡು ತಿಂಗಳು ಏರಿ ಕಡೆ ತಲೆ ಹಾಕಲಿಲ್ಲ, ಓಡುವ ಹುಡುಗರ ಶೂ ಸದ್ದು ಕೇಳಿದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ.

ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಕೂರಿಸಿದ ಹುರಿ ಹುಟ್ಟಿನಿಂದ ಬಂದ ಹುರಿಯಲ್ಲ, ಅದು ಮತ್ತೆ ಹರಿಯಬಹುದು, ಅಂಥ ಮಂಡಿ ಬೇಗ ಸವೆಯಲೂಬಹುದು. ನನ್ನ ಸಿಟ್ಟೇನಿದ್ದರೂ, ಹುಡುಗರಿಂದ ತಿಂಗಳ ಫೀ ತಗೊಂಡು ಒಣನೆಲದ ಮೇಲೆ ಹಾರಿಸುವವರ ಮೇಲೆ. ಮೆಡಿಕಲ್ ಮಾನದಂಡ ಗುಟ್ಟಿನದಲ್ಲ, ಸೇರುವ ಮೊದಲ ದಿನವೇ ಕೂರಿಸಿ ಓದಿ ಹೇಳಬಹುದು. ಮಂಡಿ ತಾಗುವ ಕಾಲು, ಚಪ್ಪಟೆ ಪಾದ, ಉಬ್ಬಿದ ನರ, ಕಿವಿಯ ಗುಗ್ಗೆ, ಹಳೆಯ ಆಪರೇಷನ್ ಇವನ್ನೆಲ್ಲ ಓಡಲು ಶುರು ಮಾಡುವ ಮುಂಚೆಯೇ ಡಾಕ್ಟರಿಗೆ ತೋರಿಸಿಕೊಂಡರೆ, ಸರಿಯಾಗುವಂಥದ್ದನ್ನು ಸರಿ ಮಾಡಿಸಲು ಸಮಯ ಸಿಗುತ್ತದೆ.

ಈಗ ಸಂಜೆ ಹೊತ್ತು ಊರ ಹುಡುಗರ ಜೊತೆ ನಾನೂ ಬಯಲಿಗೆ ಹೋಗುತ್ತೇನೆ. ನಮ್ಮ ಗುಂಡಿಯ ಆಚೆ ದಡವನ್ನು ಮಂಡಿಯುದ್ದ ಅಗೆದು ಒಂದು ಟ್ರ್ಯಾಕ್ಟರ್ ಮರಳು ತುಂಬಿಸಿದ್ದೇವೆ. ಮುಂದಿನವನು ಎದ್ದು ಪಕ್ಕಕ್ಕೆ ಸರಿದು ಕೈ ಎತ್ತುವ ತನಕ ಹಿಂದಿನವನು ಓಡಿ ಬರುವಂತಿಲ್ಲ. ಎರಡೂ ಕಾಲು ಮಡಿಸಿ, ಮಂಡಿಯನ್ನು ಪಾದದ ನೇರಕ್ಕೇ ಇಟ್ಟು ಇಳಿಯುವುದನ್ನು ಮೊದಲು ಒಂದಡಿ ಕಟ್ಟೆಯಿಂದ ಕಲಿಸುತ್ತೇನೆ. ಹೋದ ವಾರ ಒಬ್ಬ ಹುಡುಗ, ಪಿಯುಸಿ ಓದುತ್ತಿರುವವನು, ಕುಂಟುತ್ತಾ ಬಂದು "ಏನೂ ಆಗಿಲ್ಲ ಅಣ್ಣ" ಅಂದ. ಕೂರಿಸಿ ಕೇಳಿದೆ, ಸದ್ದು ಬಂತಾ, ಎಷ್ಟು ಹೊತ್ತಿಗೆ ಊದಿತು ಅಂತ. ಸದ್ದು ಬಂದಿಲ್ಲ, ಊದಿದ್ದು ಮಾರನೇ ದಿನ ಅಂದ. ಆದರೂ ಅವನ ಅವ್ವನ ಹತ್ತಿರ ಮಾತಾಡಿ, ಕಟ್ಟು ಹಾಕಿಸಬೇಡಿ ಅಕ್ಕ, ಮೊದಲು ಮೂಳೆ ಡಾಕ್ಟರಿಗೆ ತೋರಿಸಿ ಅಂದಿದ್ದೇನೆ. ಸೋಮವಾರ ನಾನೇ ಬೈಕಲ್ಲಿ ಕರಕೊಂಡು ಹೋಗುತ್ತಿದ್ದೇನೆ.