ಓಟಿಪಿ ಬಾರದ ಊರಲ್ಲಿ ಕಚೇರಿಯ ಲಾಗಿನ್

ಆರಿದ್ರಾ ಮಳೆ ಹಿಡಿದರೆ ಹೊಸನಗರ, ತೀರ್ಥಹಳ್ಳಿ ಕಡೆ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ಮೊಬೈಲ್ ಟವರ್. ಅಡಿಕೆ ಸೊಸೈಟಿಯ ಕಚೇರಿಯಲ್ಲಿ ಯುಪಿಎಸ್ ಇದೆ, ಫೈಬರ್ ಇಂಟರ್ನೆಟ್ಟೂ ಓಡುತ್ತಿದೆ. ಆದರೂ ಗುಮಾಸ್ತರು ಲಾಗಿನ್ ಆಗದೆ ಕೂತಿರುತ್ತಾರೆ. ಓಟಿಪಿ ಎಸ್ಎಂಎಸ್‌ನಲ್ಲಿ ಬರಬೇಕು, ಅದಕ್ಕೆ ಸಿಗ್ನಲ್ ಬೇಕು. ಇದನ್ನು ಮೇ ತಿಂಗಳಲ್ಲೇ ಸರಿಮಾಡಿಕೊಳ್ಳಿ. ಇಲ್ಲಿನ ವಿವರ ಕಚೇರಿಯ ಲಾಗಿನ್ ಖಾತೆಗಳನ್ನು ನೋಡಿಕೊಳ್ಳುವ ಮೈಕ್ರೋಸಾಫ್ಟ್ ಎಂಟ್ರಾ ಐಡಿಯದು. 2023ರವರೆಗೆ ಅದರ ಹೆಸರು ಅಜೂರ್ ಎಡಿ.

ಮೊದಲು ಹಿತ್ತಿಲ ಬಾಗಿಲು

ಯಾವ ನಿಯಮ ಬಿಗಿ ಮಾಡುವ ಮುಂಚೆಯೂ, ಎಲ್ಲರೂ ಹೊರಗುಳಿದಾಗ ಒಳಹೋಗಲು ತುರ್ತು ಖಾತೆ ಎರಡು ಮಾಡಿ. ಹೆಸರು .ಆನ್‌ಮೈಕ್ರೋಸಾಫ್ಟ್.ಕಾಮ್ ಎಂದೇ ಮುಗಿಯಲಿ. ನಿಮ್ಮ ಸ್ವಂತ ಡೊಮೈನ್ ಕೈಕೊಟ್ಟರೂ ಇವು ನಡೆಯುತ್ತವೆ. ಎರಡಕ್ಕೂ ಗ್ಲೋಬಲ್ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡಿ, ಯಾರದೇ ಮೊಬೈಲ್ ನಂಬರಿಗೆ ಜೋಡಿಸಬೇಡಿ. ಪೆನ್‌ಡ್ರೈವ್‌ನಂತಿರುವ ಫಿಡೊ2 ಸೆಕ್ಯುರಿಟಿ ಕೀ ಒಂದೊಂದಕ್ಕೆ ಒಂದೊಂದು ನೋಂದಾಯಿಸಿ. ಒಂದು ಕೀ ಸೊಸೈಟಿಯ ತಿಜೋರಿಯಲ್ಲಿರಲಿ, ಇನ್ನೊಂದು ಬೇರೆ ಊರಿನ ಬ್ಯಾಂಕ್ ಲಾಕರಿನಲ್ಲಿ. ಪಿನ್ ಬರೆದ ಚೀಟಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ. ನಮ್ಮ ಥಂಡಿಗೆ ಬರೀ ಕಾಗದ ಬೂಷ್ಟು ಹಿಡಿಯುತ್ತದೆ. 90 ದಿನಕ್ಕೊಮ್ಮೆ ಎರಡರಿಂದಲೂ ಲಾಗಿನ್ ಆಗಿ ನೋಡಿ.

ಸಿಗ್ನಲ್ ಬೇಡದ ಕೋಡ್

ಸಿಬ್ಬಂದಿಗೆ ಅಥೆಂಟಿಕೇಟರ್ ಆ್ಯಪ್ ಹಾಕಿಸಿ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಗುಟ್ಟಿನ ಸಂಖ್ಯೆಯೊಂದು ಫೋನಿಗೆ ಬಂದು ಕೂರುತ್ತದೆ. ಆ ಸಂಖ್ಯೆಯನ್ನೂ ಆ ಹೊತ್ತಿನ ಗಡಿಯಾರವನ್ನೂ ಸೇರಿಸಿ ಫೋನೇ 30 ಸೆಕೆಂಡಿಗೊಮ್ಮೆ 6 ಅಂಕಿಯ ಕೋಡ್ ಲೆಕ್ಕ ಹಾಕುತ್ತದೆ. ಏರೋಪ್ಲೇನ್ ಮೋಡ್‌ನಲ್ಲೂ ಕೋಡ್ ಬರುತ್ತದೆ. ಆದರೆ ‘ಒಪ್ಪಿಗೆಯೇ?’ ಎಂದು ಕೇಳುವ ನೋಟಿಫಿಕೇಶನ್‌ಗೆ ನೆಟ್ ಬೇಕೇ ಬೇಕು. ಅದು ಬಾರದಿದ್ದಾಗ ಲಾಗಿನ್ ಪರದೆಯಲ್ಲಿ ಬೇರೆ ವಿಧಾನ ಆರಿಸಿ ಕೋಡ್ ಹಾಕುವುದನ್ನು ಎಲ್ಲರಿಗೂ ಒಮ್ಮೆ ಮಾಡಿಸಿ ತೋರಿಸಿ.

ಕೋಡ್ ಸರಿಯಿದ್ದೂ ‘ತಪ್ಪು’ ಎಂದರೆ ಎಷ್ಟೋ ಸಲ ಫೋನಿನ ಗಡಿಯಾರವೇ ಹಿಂದೆ ಮುಂದೆ ಆಗಿರುತ್ತದೆ. ಕೈಯಾರೆ ಸಮಯ ಇಟ್ಟುಕೊಂಡವರು ‘ಆಟೊಮ್ಯಾಟಿಕ್’ಗೆ ಬದಲಿಸಬೇಕು. ಫೋನು ಕೆರೆಗೆ ಬಿತ್ತೆನ್ನಿ, ಆಗ ಅಡ್ಮಿನ್ ಪರದೆಯಿಂದ ಸ್ವಲ್ಪ ಹೊತ್ತಷ್ಟೇ ನಡೆಯುವ ಟೆಂಪರರಿ ಆ್ಯಕ್ಸೆಸ್ ಪಾಸ್ ಕೊಟ್ಟು ಹೊಸ ಫೋನು ನೋಂದಾಯಿಸಬಹುದು. ಗೂಗಲ್ ವರ್ಕ್‌ಸ್ಪೇಸ್ ಇದ್ದವರು 8 ಅಂಕಿಯ 10 ಬ್ಯಾಕಪ್ ಕೋಡ್ ಮುದ್ರಿಸಿಟ್ಟುಕೊಳ್ಳಲಿ. ಒಂದು ಕೋಡ್ ಒಂದೇ ಸಲಕ್ಕೆ.

ಪಾಸ್‌ವರ್ಡ್ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಮೂರು ತಿಂಗಳಿಗೊಮ್ಮೆ ಬದಲಿಸಿ ಎಂದು ಪೀಡಿಸಿದರೆ ಜನ ರಾಶಿ@1, ರಾಶಿ@2 ಎನ್ನುತ್ತ ಹೋಗುತ್ತಾರೆ. ಉದ್ದದ್ದು ಇಡಿಸಿ, ಸೋರಿದ್ದು ಗೊತ್ತಾದರೆ ಮಾತ್ರ ಬದಲಿಸಿ. ಎಂಟ್ರಾದ ಪಿ1 ಎಂಬ ಲೈಸೆನ್ಸ್ ಇದ್ದರೆ ನಿಷೇಧಿತ ಪದಗಳ ಪಟ್ಟಿಗೆ ಊರಿನ, ಸೊಸೈಟಿಯ ಹೆಸರು ಸೇರಿಸಬಹುದು. ‘ಎ’ ಅಕ್ಷರದ ಜಾಗಕ್ಕೆ @ ಹಾಕಿ ಬರೆದರೂ ಅದು ಹಿಡಿಯುತ್ತದೆ. ಹತ್ತು ಸಲ ತಪ್ಪಿದ ಖಾತೆಗೆ ಒಂದು ನಿಮಿಷ ಬೀಗ ಬೀಳುವುದು ಸಹಜ, ಗಾಬರಿಯಾಗಬೇಕಿಲ್ಲ.

ಸಹಿಯ ಕೀಲಿ: ಎಲ್ಲರೂ ಮರೆಯುವುದು ಇದನ್ನೇ

ಒಂದೇ ಲಾಗಿನ್‌ನಿಂದ ಲೆಕ್ಕಪತ್ರದ ಸಾಫ್ಟ್‌ವೇರ್ ತೆರೆಯುತ್ತದೆ ಎಂದರೆ ಎಂಟ್ರಾ ಒಂದು ಚೀಟಿ (ಟೋಕನ್) ಬರೆದು ತನ್ನ ಮೊಹರು, ಅಂದರೆ ಸಹಿಯ ಕೀಲಿ, ಒತ್ತಿ ಕಳಿಸುತ್ತಿದೆ, ಆ ಕಡೆಯವರು ಮೊಹರು ನೋಡಿ ಒಳಗೆ ಬಿಡುತ್ತಿದ್ದಾರೆ ಎಂದರ್ಥ. ಮೊಹರು ಕದ್ದವರಿಗೆ ಪಾಸ್‌ವರ್ಡ್ ಯಾಕೆ ಬೇಕು? ಮೈಕ್ರೋಸಾಫ್ಟ್‌ನ 2016ರ ಸಹಿ ಕೀಲಿಯೊಂದು ಸ್ಟಾರ್ಮ್-0558 ಎಂಬ ಹ್ಯಾಕರ್ ಗುಂಪಿನ ಕೈಸೇರಿ, 2023ರಲ್ಲಿ ಅವರು ಖೊಟ್ಟಿ ಟೋಕನ್ ತಯಾರಿಸಿ ಬೇರೆಯವರ ಮೇಲ್ ಓದಿದ್ದರು.

ಇಂಥ ಚೀಟಿ ಕಳಿಸುವ ಸ್ಯಾಮಲ್ (SAML) ಎಂಬ ವಿಧಾನದಲ್ಲಿ ಈ ಮೊಹರಿನ ಸರ್ಟಿಫಿಕೇಟಿಗೆ ಸಾಮಾನ್ಯವಾಗಿ 3 ವರ್ಷ ಆಯುಸ್ಸು. ಮುಗಿಯುವ 60, 30 ಮತ್ತು 7 ದಿನ ಮೊದಲು ಎಚ್ಚರಿಕೆಯ ಮೇಲ್ ಬರುತ್ತದೆ. ಬರುವುದು ಯಾರಿಗೆ? ಅಂದು ಜೋಡಿಸಿದವರಿಗೆ, ಅವರು ಕೆಲಸ ಬಿಟ್ಟು ಬೆಂಗಳೂರು ಸೇರಿ ಎರಡು ವರ್ಷವಾಗಿರುತ್ತದೆ. ನೋಟಿಫಿಕೇಶನ್ ಜಾಗದಲ್ಲಿ ಐದು ವಿಳಾಸದವರೆಗೆ ಹಾಕಬಹುದು, ಕಾರ್ಯದರ್ಶಿಯವರದ್ದನ್ನೂ ಸೇರಿಸಿ.

ಬದಲಿಸುವ ಕ್ರಮ ಹೀಗೆ. ಎಂಟರ್‌ಪ್ರೈಸ್ ಅಪ್ಲಿಕೇಶನ್ಸ್‌ನಲ್ಲಿ ಆ ಸಾಫ್ಟ್‌ವೇರ್ ತೆರೆದು, ಸಿಂಗಲ್ ಸೈನ್-ಆನ್ ಪುಟದ ಸರ್ಟಿಫಿಕೇಟ್ ಭಾಗದಲ್ಲಿ ‘ನ್ಯೂ ಸರ್ಟಿಫಿಕೇಟ್’ ಒತ್ತಿ ಸೇವ್ ಮಾಡಿ. ಹೊಸದು ‘ಇನ್‌ಆ್ಯಕ್ಟಿವ್’ ಎಂದು ಕೂತಿರುತ್ತದೆ, ಇರಲಿ. ಡೌನ್‌ಲೋಡ್ ಮಾಡಿ ಮೊದಲು ಸಾಫ್ಟ್‌ವೇರ್ ಕಡೆ ಏರಿಸಿ, ಆಮೇಲಷ್ಟೇ ಎಂಟ್ರಾದಲ್ಲಿ ‘ಆ್ಯಕ್ಟಿವ್’ ಮಾಡಿ. ಅವಸರದಲ್ಲಿ ಇದನ್ನು ತಿರುವುಮುರುವು ಮಾಡಿದರೆ ಹೊಸ ಮೊಹರಿನ ಚೀಟಿ ಹೋಗುತ್ತದೆ, ಆ ಕಡೆ ಹಳೇ ಮೊಹರಿನ ನಮೂನೆಯೇ ಇರುತ್ತದೆ, ಎಲ್ಲರೂ ಹೊರಗೆ. ಕೆಲವು ಸಾಫ್ಟ್‌ವೇರ್ ಒಂದೇ ಸರ್ಟಿಫಿಕೇಟ್ ಇಟ್ಟುಕೊಳ್ಳುತ್ತವೆ. ಅಂಥದ್ದಕ್ಕೆ ಒಂದೆರಡು ನಿಮಿಷದ ತಡೆ ತಪ್ಪದು, ಅಡಿಕೆ ಟೆಂಡರಿನ ದಿನ ಬಿಟ್ಟು ಸಂಜೆ ವಹಿವಾಟು ಮುಗಿದ ಮೇಲೆ ಮಾಡಿ.

ಪರೀಕ್ಷೆಯನ್ನು ಇನ್‌ಕಾಗ್ನಿಟೊ ಕಿಟಕಿಯಲ್ಲೇ ಮಾಡಬೇಕು. ಮೊದಲೇ ಲಾಗಿನ್ ಆಗಿರುವವರ ಕೆಲಸ ಏನೂ ಆಗಿಲ್ಲವೆಂಬಂತೆ ನಡೆಯುತ್ತಿರುತ್ತದೆ, ಎಡವಟ್ಟು ಕಾಣುವುದು ಮರುದಿನ ಬೆಳಿಗ್ಗೆ.

ಸೊಸೈಟಿಗೇ ಬರೆಸಿದ ಸಾಫ್ಟ್‌ವೇರ್ ಆದರೆ ಬರೆದವರನ್ನು ಒಂದು ಪ್ರಶ್ನೆ ಕೇಳಿ: ಕೀಲಿಯನ್ನು ಕೋಡಿನೊಳಗೇ ಅಂಟಿಸಿದ್ದೀರಾ? ಹಾಗಿದ್ದರೆ ಮೈಕ್ರೋಸಾಫ್ಟ್ ತನ್ನ ಕೀಲಿ ಬದಲಿಸಿದ ದಿನ ಲಾಗಿನ್ ನಿಲ್ಲುತ್ತದೆ. ಪ್ರಕಟಿತ ಕೀಲಿಪಟ್ಟಿಯನ್ನು 24 ಗಂಟೆಗೊಮ್ಮೆ ತರಿಸಿಕೊಳ್ಳಬೇಕು. ಯಾವ ಕೀಲಿಯ ಸಹಿ ಎಂದು ಹೇಳುವ, ಟೋಕನ್‌ನ ಮೇಲಿನ ‘ಕಿಡ್’ (kid) ಗುರುತು ಪಟ್ಟಿಯಲ್ಲಿ ಸಿಗದಿದ್ದರೆ ಆಗಲೇ ಇನ್ನೊಮ್ಮೆ ತರಿಸಿ ನೋಡುವಂತಿರಬೇಕು.

ಹಳೇ ಸ್ಯಾಮಲ್ ಸರ್ಟಿಫಿಕೇಟನ್ನು ಅಂದೇ ಅಳಿಸಬೇಡಿ. ಎಲ್ಲ ಶಾಖೆಯವರೂ ಹೊಸದಾಗಿ ಲಾಗಿನ್ ಆಗುವವರೆಗೆ ವಾರವೊಪ್ಪತ್ತು ಅಲ್ಲೇ ಇರಲಿ. ಎಲ್ಲಾದರೂ ತೊಡಕಾದರೆ ಎರಡೂ ಕಡೆ ಹಳೆಯದಕ್ಕೇ ಮರಳಿ ಆ ದಿನದ ಕೆಲಸ ನಡೆಸಬಹುದು.