ಅಡಿಕೆ ಮಂಡಿ ಸಾಫ್ಟ್‌ವೇರ್‌ಗೆ ಬ್ಯಾಕ್‌ಲಿಂಕ್ ಗಳಿಸುವ ಬಗೆ

ಶಿವಮೊಗ್ಗದಲ್ಲಿ ಕೂತು ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುತ್ತೀರಿ ಎನ್ನಿ. ಬ್ಯಾಕ್‌ಲಿಂಕ್ ಎಂದರೆ ಬೇರೆ ಸೈಟು ನಿಮ್ಮ ಪುಟಕ್ಕೆ ಕೊಡುವ ಲಿಂಕ್; ಗೂಗಲ್ ಹುಡುಕಾಟದಲ್ಲಿ ಮೇಲೆ ಬರಲು ಅದು ನೆರವಾಗುತ್ತದೆ. ಆದರೆ ನಿಮ್ಮ ಬೆಲೆಪಟ್ಟಿಗೆ ಯಾರೂ ತಾವಾಗಿ ಲಿಂಕ್ ಕೊಡುವುದಿಲ್ಲ. ತಮ್ಮ ಓದುಗರಿಗೆ ಉಪಯೋಗಕ್ಕೆ ಬರುವ ಪುಟವಿದ್ದರೆ ಕೊಡುತ್ತಾರೆ. ಹಾಗಾಗಿ ಕೇಳುವ ಮೊದಲು ಅಂಥದೊಂದು ಪುಟ ಮಾಡಿ.

ತೋಟವನ್ನು ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಡುವುದೋ, ನಾವೇ ಸುಲಿಸಿ ಬೇಯಿಸಿ ಒಣಗಿಸುವುದೋ? ಮಲೆನಾಡಿನ ಮನೆಗಳಲ್ಲಿ ಕೊಯ್ಲು ಬಂತೆಂದರೆ ಈ ಲೆಕ್ಕ ಶುರು. ಅದನ್ನೇ ಕ್ಯಾಲ್ಕುಲೇಟರ್ ಮಾಡಿ. ಹಸಿ ಅಡಿಕೆಯ ತೂಕ, ಒಂದು ಕ್ವಿಂಟಲ್ ಹಸಿಗೆ ಸಿಗುವ ಒಣ ಅಡಿಕೆ, ಕೊನೆ (ಗೊನೆ) ತೆಗೆಯುವ ಕೂಲಿ, ಸುಲಿಯುವ ಕೂಲಿ, ಸೌದೆ, ಸಾಗಾಟ, ಚೇಣಿಯವರು ಹೇಳಿದ ದರ: ಒಂದೊಂದಕ್ಕೂ ಖಾನೆ ಇರಲಿ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಅಡಿಕೆ ಬಗೆಗಳ ದರಗಳನ್ನು ಬೇರೆ ಬೇರೆ ತುಂಬುವಂತಿರಲಿ. ಒಣ ಇಳುವರಿಯನ್ನು ನೀವೇ ನಿಗದಿ ಮಾಡಬೇಡಿ, ಅದು ತೋಟದಿಂದ ತೋಟಕ್ಕೆ ಬೇರೆ. ಲೆಕ್ಕ ತೋರಿಸಲು ಫೋನ್ ನಂಬರ್ ಕೇಳಿದಿರೋ, ಲಿಂಕ್ ಕೊಡುವವರು ಹಿಂದೆ ಸರಿಯುತ್ತಾರೆ.

ಪುಟ ಕಂಪನಿಯ ಡೊಮೇನ್‌ನಲ್ಲೇ ಇರಬೇಕು. ಬರಹ ಯೂನಿಕೋಡ್‌ನಲ್ಲಿರಲಿ, ಹಳೆಯ ಆಸ್ಕಿ ಫಾಂಟಿನದನ್ನು ಗೂಗಲ್ ಕನ್ನಡವೆಂದು ಓದುವುದಿಲ್ಲ. ಪುಟದ ವಿಳಾಸಕ್ಕೆ (URL) ಮಾತ್ರ ಚಿಕ್ಕ ಇಂಗ್ಲಿಷ್ ಅಕ್ಷರಗಳೇ ಕ್ಷೇಮ. ಕನ್ನಡದಲ್ಲಿಟ್ಟು ಕಾಪಿ ಮಾಡಿದರೆ ‘ಅಡಿಕೆ’ ಎಂಬ ಒಂದೇ ಪದ ಶೇಕಡಾ ಚಿಹ್ನೆಗಳ ಸಮೇತ 45 ಅಕ್ಷರವಾಗಿ ಬಿಡುತ್ತದೆ. ಅಂಟಿಸುವಾಗ ತುದಿ ಕತ್ತರಿಸಿದರೆ ಬಂದ ಲಿಂಕ್ 404, ಅಂದರೆ ‘ಪುಟ ಸಿಗಲಿಲ್ಲ’.

ಇನ್ನು ಕೇಳುವ ಕೆಲಸ. ‘ಅಡಿಕೆ ಚೇಣಿ’, ‘ಅಡಿಕೆ ಸಂಸ್ಕರಣೆ’ ಎಂದು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಸಿಕ್ಕ ಪುಟಗಳಲ್ಲಿ ಈಗಾಗಲೇ ಹೊರಗಿನ ಲಿಂಕ್ ಇರುವವನ್ನು ಆರಿಸಿ: ಕೃಷಿ ಪತ್ರಿಕೆ, ರೈತ ಉತ್ಪಾದಕ ಕಂಪನಿ, ಸಹಕಾರ ಸಂಘ. ಮೇಲ್ ನಾಲ್ಕು ಸಾಲು ಸಾಕು: “ನಿಮ್ಮ ಅಡಿಕೆ ಸಂಸ್ಕರಣೆಯ ಲೇಖನದಲ್ಲಿ ಖರ್ಚಿನ ಭಾಗ ಓದಿದೆವು. ಓದುಗರು ತಮ್ಮ ತೋಟದ ಅಂಕಿ ಹಾಕಿ ನೋಡಲು ಉಚಿತ ಕ್ಯಾಲ್ಕುಲೇಟರ್ ಇಲ್ಲಿದೆ. ಆ ಪ್ಯಾರಾದ ಕೆಳಗೆ ಸೇರಿಸಬಹುದೇ? ಲೆಕ್ಕದಲ್ಲಿ ತಪ್ಪು ಕಂಡರೆ ತಿಳಿಸಿ.” ಊರಿನ ಸಂಸ್ಥೆಯಾದರೆ ಮೊದಲು ಫೋನ್ ಮಾಡಿ, ಆಮೇಲೆ ಮೇಲ್. ವಾರದ ನಂತರ ಒಮ್ಮೆ ನೆನಪಿಸಿ, ಅಲ್ಲಿಗೆ ಬಿಡಿ. ಲಿಂಕಿನ ಪದಗಳು ಇಂಥವೇ ಇರಲಿ ಎಂದು ಪಟ್ಟು ಹಿಡಿಯಬೇಡಿ. ನೂರು ಕಡೆ ‘ಅತ್ಯುತ್ತಮ ಮಂಡಿ ಸಾಫ್ಟ್‌ವೇರ್’ ಎಂದೇ ಬಂದರೆ ಕೃತಕವೆಂದು ಗೊತ್ತಾಗುತ್ತದೆ. ನಿಮ್ಮ ಸಾಫ್ಟ್‌ವೇರ್ ಜೊತೆ ಕೂಡಿಸಿರುವ ಪೇಮೆಂಟ್ ಗೇಟ್‌ವೇ, ಎಸ್‌ಎಂಎಸ್ ಸೇವೆಗಳಿಗೆ ಪಾರ್ಟ್‌ನರ್ ಪುಟವಿದ್ದರೆ ಅಲ್ಲೂ ಕೇಳಿ.

ದುಡ್ಡು ಕೊಟ್ಟು ಲಿಂಕ್ ಕಟ್ಟಿಸಬೇಡಿ. ಗೂಗಲ್ ಹುಡುಕಾಟದ 2012ರ ಪೆಂಗ್ವಿನ್ ಅಪ್‌ಡೇಟ್ ಬಂದದ್ದೇ ಅಂಥವರನ್ನು ಕೆಳಗಿಳಿಸಲು. ಜಾಹೀರಾತಿನ ಲಿಂಕ್‌ಗಾಗಿ ಅದರ ಕೋಡ್‌ನಲ್ಲಿ ಹಾಕುವ ‘ಸ್ಪಾನ್ಸರ್ಡ್’ ಗುರುತು 2019ರಿಂದಲೇ ಇದೆ, ಹಾಕಿಸಿ. ಸಾಫ್ಟ್‌ವೇರ್‌ನವರು ಹೆಚ್ಚಾಗಿ ಎಡವುವುದು ಇನ್ನೊಂದು ಕಡೆ: ಗ್ರಾಹಕರ ವೆಬ್‌ಸೈಟುಗಳ ಅಡಿಯಲ್ಲೆಲ್ಲ ಕೀವರ್ಡ್ (ಜನ ಹುಡುಕುವ ಪದ) ತುಂಬಿದ ತಮ್ಮ ಲಿಂಕ್ ಹಾಕುವುದು. ಅದೂ ಗೂಗಲ್ ನಿಯಮಕ್ಕೆ ವಿರುದ್ಧ. ಕಂಪನಿಯ ಹೆಸರು ಮಾತ್ರ ಇಟ್ಟು ‘ನೋಫಾಲೋ’ (ಈ ಲಿಂಕನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೂಗಲ್‌ಗೆ ಹೇಳುವ ಗುರುತು) ಮಾಡಿ.

ಸೈಟಿನ ಮಾಲೀಕರಿಗೆ ಗೂಗಲ್ ಕೊಡುವ ಉಚಿತ ಸಾಧನ ಸರ್ಚ್ ಕನ್ಸೋಲ್‌ನ ಲಿಂಕ್ಸ್ ವಿಭಾಗದಲ್ಲಿ ಯಾರು ಲಿಂಕ್ ಕೊಟ್ಟಿದ್ದಾರೆಂದು ತಿಂಗಳಿಗೊಮ್ಮೆ ನೋಡಿ. ಗೂಗಲ್‌ನಿಂದ ಬಂದ ಕ್ಲಿಕ್‌ಗಳನ್ನು ಕಳೆದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. 16 ತಿಂಗಳ ಅಂಕಿ ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿರುತ್ತದೆ. ಕೊಯ್ಲಿನ ತಿಂಗಳನ್ನು ಮಳೆಗಾಲದ ಜೊತೆ ಹೋಲಿಸಿದರೆ ಲೆಕ್ಕ ದಾರಿ ತಪ್ಪುತ್ತದೆ. ಕ್ಯಾಲ್ಕುಲೇಟರಿನ ವಿಳಾಸ ಬದಲಿಸಬೇಕಾಗಿ ಬಂದರೆ ಹಳೆಯದರಿಂದ ಹೊಸ ಪುಟಕ್ಕೇ 301 (ಕಾಯಂ ಆಗಿ ತಿರುಗಿಸುವ ಸೂಚನೆ) ಹಾಕಿ, ಮುಖಪುಟಕ್ಕಲ್ಲ. ಮುಖಪುಟಕ್ಕೆ ತಿರುಗಿಸಿದರೆ ಗೂಗಲ್ ಅದನ್ನು ಇಲ್ಲದ ಪುಟವೆಂದೇ ಎಣಿಸಬಹುದು, ಬಂದ ಲಿಂಕುಗಳ ಬಲವೂ ಹೋದಂತೆ.